ಎಡತೋಳಿಗೆ ಕಾಲಿಂಚು ಹೆಚ್ಚು

ನನ್ನ ಮನೆಯಾಕೆ ಗೌರಮ್ಮನಿಗೆ,

ಹೆಸರು ಬರೆದದ್ದು ನೋಡಿ ನಗಬೇಡ. ಮೂವತ್ತೊಂದು ವರ್ಷ ಸಂಸಾರ ಮಾಡಿದರೂ ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ ನಾನು. 'ಇವಳೇ' ಅಂದರೆ ಸಾಕು, ಒಳಗಿನಿಂದ 'ಬಂದೆ ಕಣ್ರೀ' ಅನ್ನುತ್ತಿದ್ದೆ. ಆದರೆ ಕಾಗದದ ಮೇಲೆ ಬರೀ 'ಇವಳೇ' ಅಂತ ಹಾಕಿದರೆ ನೀನಿರುವ ಕಡೆ ಯಾರ ಕೈಗೆ ಕೊಡುತ್ತಾರೋ ಏನೋ. ನಂಟರಿಗೆ ಕಾಗದ ಬರೆಯುವ ಚಟ ನನಗಿನ್ನೂ ಬಿಟ್ಟಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ದರ್ಜಿ ಅಂಗಡಿಯ ಅಳತೆ ಪುಸ್ತಕದಲ್ಲಿ ಹೆಂಗಸರ ಹೆಸರು ಬರೆದು ಬರೆದೇ ಅಕ್ಷರ ಕಲಿತೆ. 'ನಿಮ್ಮ ಅಕ್ಸರ ಕಚ್ಚಾ ಹೊಲಿಗೆ ಇದ್ದಂಗೆ, ಎಳುದ್ರೆ ಬಿಚ್ಕಂತದೆ' ಅಂತ ನೀನು ಆಡಿಕೊಂಡದ್ದು ನೆನಪಿದೆ. ನೀನು ಹೋಗಿ ಹದಿನಾಲ್ಕು ವರ್ಷವಾದರೂ ಅಕ್ಷರ ಹಾಗೇ ಇದೆ. ಸ್ವಲ್ಪ ತಾಳ್ಮೆಯಿಂದ ಓದು.

ನಿನ್ನ ತಂಗಿ ಜಯಮ್ಮ ಗುಡಿಬಂಡೆಯಿಂದ ಒಂದು ಕೈಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತ ದಿನ ನನಗೆ ಅವಳ ಮುಖ ಕಾಣಲಿಲ್ಲ, ನಿನ್ನ ಮುಖ ಕಂಡಿತು. ಅದೇ ಕಾಯಿಲೆ, ಗೌರಿ. ನಿನಗೆ ಬಲಗಡೆ ಇತ್ತು, ಅವಳಿಗೆ ಎಡಗಡೆ ಎದೆಯಲ್ಲಿ ಗಂಟು. ಹೆದರಬೇಡ, ಈಗ ಚೆನ್ನಾಗಿದ್ದಾಳೆ. ಅದನ್ನು ಹೇಳುವುದಕ್ಕೇ ಕೂತಿರುವುದು. 'ಊರಾಗೆ ಗೊತ್ತಾಗಾದು ಬ್ಯಾಡ ಭಾವ. ಇಲ್ಲೇ ಇದ್ದು ಬಳ್ಳಾರಿಗೆ ಓಡಾಡ್ತೀನಿ. ನಮ್ಮಕ್ಕನ ಮನೆ ಅಲ್ವಾ ಇದು?' ಅಂದಳು. ಸೊಸೆ ಅವಳ ಕೈಚೀಲ ತೆಗೆದುಕೊಂಡು ಹೋಗಿ ನಿನ್ನ ಟ್ರಂಕಿನ ಪಕ್ಕದಲ್ಲೇ ಇಟ್ಟಳು.

ಬಳ್ಳಾರಿ ಆಸ್ಪತ್ರೆಯ ಮೊದಲ ದಿನವನ್ನು ನಾನು ಮರೆಯುವ ಹಾಗಿಲ್ಲ. ನಿನ್ನ ಕಾಲದಲ್ಲಿ ನಾವಿಬ್ಬರೂ ಯಾವ ಬಾಗಿಲು, ಯಾವ ಚೀಟಿ ಅಂತ ತಿಳಿಯದೆ ಮಧ್ಯಾಹ್ನದವರೆಗೆ ಗೋಡೆಗೆ ಒರಗಿ ನಿಂತಿದ್ದೆವಲ್ಲ, ಹಾಗೇ ನಿಲ್ಲಬೇಕೇನೋ ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಬಂದು, 'ಜಯಮ್ಮ ಅನ್ನೋರು ನೀವಾ? ಬರ್ರಿ, ಮೊದಲ ಕುಂದುರ್ರಿ. ಏನರ ತಿಂದೀರೇನು?' ಅಂದಳು. ಯಶೋದಾ ಸಿಸ್ಟರ್. ಕಣೇಕಲ್ಲಿನ ಹುಡುಗಿ. ಎದೆಯ ಮೇಲಿನ ಬಿಲ್ಲೆಯಲ್ಲಿ 'ನರ್ಸ್ ನ್ಯಾವಿಗೇಟರ್' ಅಂತ ಇತ್ತು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿ, 'ಇದೇನವ್ವಾ, ಹೊಸಾ ಡಿಗ್ರೀನಾ?' ಅಂದೆ.

'ದಾರಿ ತೋರಸೋ ನರ್ಸು ಅಂತ ತಿಳ್ಕೋರಿ ಮಾಸ್ತರ್. ಸೂಜಿ ಚುಚ್ಚೋರು ಬ್ಯಾರೆ ಅದಾರ. ಯಾವ ಬಾಗಿಲಿಗೆ ಯಾವಾಗ ಹೋಗಬೇಕು, ಹೋಗಾಕ ಯಾಕ ಅಂಜಿಕಿ ಬರ್ತೈತಿ, ಅದನ್ನ ನೋಡಾದು ನನ್ನ ಕೆಲಸ' ಅಂದಳು. ನನ್ನ ಕೊರಳಲ್ಲಿ ಮರೆತಿದ್ದ ಟೇಪು ನೋಡಿಯೇ ಮಾಸ್ತರ್ ಅಂದದ್ದು. ತನ್ನ ನಂಬರನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟಳು. ಆ ಚೀಟಿ ಈಗಲೂ ನನ್ನ ಮಿಷನ್ನಿನ ಮೇಲೆ ಅಂಟಿಕೊಂಡಿದೆ. ನಿನಗೂ ಹೀಗೊಬ್ಬಳು ಇದ್ದಿದ್ದರೆ... ಹೋಗಲಿ.

ಮೊದಲನೇ ಕೀಮೋಗೆ ಕೊಟ್ಟ ದಿನ ಅಮಾವಾಸ್ಯೆಗೆ ಬಂದಿತ್ತು. ನಿನ್ನ ತಂಗಿಯ ಹಟ ನಿನಗೆ ಹೇಳಬೇಕೇ? 'ಅಮಾಸೆ ದಿನ ಮೈಗೆ ಔಸ್ದಿ ಹಾಕುಸ್ಕಳಾಕಿಲ್ಲ. ಬ್ಯಾಡಂದ್ರೆ ಬ್ಯಾಡ' ಅಂತ ಬೆಂಚಿನ ಮೇಲೆ ಕಾಲು ಮಡಿಚಿ ಕೂತುಬಿಟ್ಟಳು. ಸಿಸ್ಟರ್ ಬೈಯುತ್ತಾಳೆ ಅಂತ ನಾನು ತಲೆ ತಗ್ಗಿಸಿದ್ದೆ. ಅವಳು ಬೈಯಲಿಲ್ಲ. ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. 'ಒಂದು ದಿನ ಆಚಿಗಾದ್ರ ನಡೀತೈತಂತ ಜಯಕ್ಕಾ. ಆದ್ರ ನನಗೊಂದು ಮಾತು ಕೊಡ್ರಿ. ಅಮಾಸಿ ಇರ್ಲಿ, ಹಬ್ಬ ಇರ್ಲಿ, ಮನಸ್ಸು ಬ್ಯಾಸರ ಇರ್ಲಿ, ಮೊದಲ ನನಗ ಫೋನು. ಹೇಳದಂಗ ತಪ್ಪಸಾಂಗಿಲ್ಲ.' ಆಮೇಲೆ ಇಬ್ಬರೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತರು. ಜಯಮ್ಮ ಅಮಾವಾಸ್ಯೆಗಳನ್ನು ಹುಡುಕಿ ತೋರಿಸುವುದು, ಸಿಸ್ಟರ್ ಅವನ್ನು ಬಿಟ್ಟು ಆಚೀಚೆ ಸುತ್ತು ಹಾಕುವುದು. ಮದುವೆಗೆ ಮುಹೂರ್ತ ಇಡುವವರ ಹಾಗಿದ್ದರು ಇಬ್ಬರೂ.

ಕೂದಲಿನ ವಿಷಯ ಕೇಳಿದರೆ ನೀನು ಬಿದ್ದು ಬಿದ್ದು ನಗುತ್ತೀಯ. ಎರಡು ಮೂರು ವಾರದಲ್ಲಿ ಕೂದಲು ಉದುರುತ್ತದೆ, ಆಮೇಲೆ ಮತ್ತೆ ಬರುತ್ತದೆ ಅಂತ ಸಿಸ್ಟರ್ ಮೊದಲೇ ಹೇಳಿದ್ದಳು. ಜಯಮ್ಮ ಎರಡು ದಿನ ಜಡೆ ಬಿಚ್ಚಿ ಬಿಚ್ಚಿ ಹೆಣೆದಳು. ಮೂರನೇ ದಿನ ಬೆಳಿಗ್ಗೆ ಎದ್ದವಳೇ, 'ಭಾವ, ಕದಿರಿ ನರಸಿಂಹಸ್ವಾಮಿಗೆ ಮುಡಿ ಕೊಡ್ತೀನಿ. ಹೆಂಗೂ ಉದುರ್ತದಲ್ಲ, ದೇವ್ರಿಗಾದ್ರೂ ಸೇರ್ಲಿ. ಊರೋರಿಗೆ ಹರಕೆ ಅಂದ್ರಾಯ್ತು' ಅಂದಳು. ಸಿಸ್ಟರಿಗೆ ಫೋನು ಮಾಡಿ ಕೇಳಿದೆವು. ಅವಳು ನಕ್ಕದ್ದು ಸ್ಪೀಕರಿನಲ್ಲಿ ಅಂಗಡಿಗೆಲ್ಲ ಕೇಳಿಸಿತು. 'ಹೋಗಿಬರ್ರಿ. ಜನ ಕಡಿಮಿ ಇರೋ ದಿನ ಹೋಗ್ರಿ, ಮಾಸ್ಕ್ ಹಾಕ್ಕೋರಿ, ಹೊಸಾ ಬ್ಲೇಡು ಹಾಕಿಸ್ರಿ, ತಲಿಗೆ ಗಾಯ ಆಗಬಾರ್ದು' ಅಂದಳು. ಗುಡಿಬಂಡೆಯವರು ಇವತ್ತಿಗೂ ಜಯಮ್ಮನನ್ನು ದೊಡ್ಡ ಭಕ್ತೆ ಅಂದುಕೊಂಡಿದ್ದಾರೆ.

ಒಂದು ಮಧ್ಯಾಹ್ನ ಅವಳ ಮೈ ಸುಡುತ್ತಿತ್ತು. ಮಾತ್ರೆ ನುಂಗಿ ಮಲಗಿದರೆ ಹೋಗುತ್ತದೆ ಅಂದಳು. ಮಾತ್ರೆ ಬಾಯಿಗೆ ಹಾಕುವುದರೊಳಗೆ ನಾನು ಚೀಟಿ ನೋಡಿ ಫೋನು ಒತ್ತಿದ್ದೆ. 'ಮಾತ್ರಿ ಕೊಡಬ್ಯಾಡ್ರಿ, ಜ್ವರ ಅಳದು ಹೇಳ್ರಿ' ಅಂದಳು ಸಿಸ್ಟರ್. ಹೇಳಿದ ತಕ್ಷಣ, 'ಈಗ್ಲೇ ಹೊರಡ್ರಿ, ಕೀಮೋ ತಗೊಂಡೋರಿಗೆ ಜ್ವರ ಬಂದ್ರ ಕಾಯಾಂಗಿಲ್ಲ' ಅಂದಳು. ನಾವು ಹೋಗುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ನಾಲ್ಕು ದಿನ ಅಲ್ಲೇ ಇದ್ದು ವಾಪಸಾದೆವು. ಹೀಗೆ ಕೀಮೋ, ಆಪರೇಷನ್ನು, ಕರೆಂಟು ಅನ್ನುತ್ತಾರಲ್ಲ ಆ ರೇಡಿಯೇಶನ್ನು, ಎಲ್ಲ ಮುಗಿಯಿತು. ಕೊನೆಯ ದಿನ ಜಯಮ್ಮ ಕೈಮುಗಿದರೆ ಸಿಸ್ಟರ್ ಅವಳ ಕೈ ಕೆಳಗಿಳಿಸಿ, 'ಔಷಧ ಮುಗಿದಾವ, ನಾನೇನು ಮುಗಿದಿಲ್ಲ. ಎಡಗೈ ಜ್ವಾಕಿ. ಅದಕ್ಕ ಸೂಜಿ ಬ್ಯಾಡ, ಬಿಪಿ ಪಟ್ಟಿ ಬ್ಯಾಡ. ಸೊಪ್ಪು ಕೀಳಾಕ ಹೋದ್ರ ಗ್ಲೌಸು. ಬಳಿ ಬಿಗಿ ಆದ್ರ, ರವಿಕಿ ತೋಳು ಬಿಗಿ ಆದ್ರ, ನನಗ ಹೇಳಬೇಕು' ಅಂದಳು. ಈ ಕೊನೇ ಮಾತು ನನ್ನ ಕಿವಿಯಲ್ಲಿ ಉಳಿಯಿತು. ರವಿಕೆ ನನ್ನ ಕಸುಬಲ್ಲವೇ?

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಜಯಮ್ಮ ಗುಡಿಬಂಡೆಯಿಂದ ಅಂಗಡಿಗೆ ಬಂದಳು. ಬೀದಿಯ ತುಂಬ ಎಂದಿನಂತೆ ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದು. ಅವಳ ಕೂದಲು ಕಿವಿ ಮುಚ್ಚುವಷ್ಟು ಬಂದಿತ್ತು, ಮೊದಲಿಗಿಂತ ಗುಂಗುರಾಗಿ. ಮದುವೆಗೆ ಬಂದಿದ್ದೇನೆ ಅಂತ ಒಂದು ರೇಷ್ಮೆ ರವಿಕೆ ಮೇಜಿನ ಮೇಲಿಟ್ಟು, 'ಎರಡೂ ತೋಳು ಸಡ್ಲ ಮಾಡ್ಕೊಡ್ರಿ ಭಾವ. ದಪ್ಪ ಆಗಿದೀನಿ' ಅಂದಳು. ರವಿಕೆ ತಿರುವಿ ನೋಡಿದೆ. ಬಲತೋಳಿನ ಹೊಲಿಗೆ ಹೊಲಿದ ದಿನ ಇದ್ದ ಹಾಗೇ ಇತ್ತು. ಎಡತೋಳಿನಲ್ಲಿ ದಾರ ಸೆಳೆದು, ಸೂಜಿ ಹೋದ ತೂತುಗಳು ಬಾಯಿ ಬಿಟ್ಟಿದ್ದವು. ದಪ್ಪ ಆಗುವವರು ಒಂದೇ ಕಡೆ ದಪ್ಪ ಆಗುತ್ತಾರೆಯೇ?

ಆಗ ನಿನ್ನ ಹಸಿರು ರವಿಕೆ ನೆನಪಾಯಿತು, ಗೌರಿ. ನೀನು ಬಲತೋಳು ಸಡಿಲ ಮಾಡಿ ಅಂತ ಕೊಟ್ಟಿದ್ದೆ. 'ತವರಿಗೆ ಹೋಗಿ ತಿಂದ ಮುದ್ದೆಯೆಲ್ಲ ತೋಳಿಗೇ ಇಳದೈತಿ ನೋಡು' ಅಂತ ನಾನು ನಕ್ಕೆ. ನೀನೂ ನಕ್ಕೆ. ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಟ್ಟೆ. ಎರಡು ತಿಂಗಳಿಗೆ ನೀನು ಮತ್ತೆ ತಂದೆ, ನಾನು ಮತ್ತೆ ಬಿಟ್ಟುಕೊಟ್ಟೆ. ಮೂರನೇ ಸಲ ತಂದಾಗ ಒಳಗೆ ಬಿಡುವುದಕ್ಕೆ ಬಟ್ಟೆಯೇ ಉಳಿದಿರಲಿಲ್ಲ. ಕಂಕುಳ ಕೆಳಗೆ ಬೇರೆ ತುಂಡು ಕೂಡಿಸಿದೆ. ಗುರುತು ಕಾಣದ ಹಾಗೆ ಎಷ್ಟು ನಾಜೂಕಾಗಿ ಕೂಡಿಸಿದೆ ಅಂತ ನನಗೆ ಹೆಮ್ಮೆ ಬೇರೆ. ಆ ತುಂಡು ಕೂಡಿಸುವಾಗ ನನ್ನ ಕೈಗೆ ಗೊತ್ತಾಗಿತ್ತು. ಇದು ಮುದ್ದೆಯಲ್ಲ, ಮತ್ತೇನೋ ಅಂತ. ಬಾಯಿ ಬಿಟ್ಟು ಕೇಳಲಿಲ್ಲ. ಹೆಂಡತಿಯನ್ನು ಏನು ಕೇಳುವುದು, ಕೇಳಿ ಯಾರ ಹತ್ತಿರ ಹೋಗುವುದು ಅಂತ... ಇಲ್ಲ, ಸುಳ್ಳು ಬೇಡ. ಹೆದರಿದ್ದೆ. ನಿನಗೂ ಗೊತ್ತಿತ್ತು, ಅಲ್ಲವೇ? ಇಬ್ಬರೂ ಒಂದು ತುಂಡು ಬಟ್ಟೆಯ ಹಿಂದೆ ಅಡಗಿಕೊಂಡೆವು. ಬಳ್ಳಾರಿಯ ಆ ಗೋಡೆಗೆ ಒರಗುವ ಹೊತ್ತಿಗೆ ತಡವಾಗಿಹೋಗಿತ್ತು.

ಜಯಮ್ಮನ ರವಿಕೆ ಮಡಿಚಿ ಅವಳ ಕೈಗೇ ಕೊಟ್ಟೆ. 'ಸಿಸ್ಟರಿಗೆ ತೋರಿಸಿ ಬಾ, ಆಮ್ಯಾಲೆ ಹೊಲಿಗಿ ಬಿಚ್ಚತೀನಿ' ಅಂದೆ. ಅವಳ ಮುಖ ಕೆಂಪಾಯಿತು.

'ದರ್ಜಿನೋ ಡಾಕ್ಟ್ರೋ ನೀವು? ನಿಮ್ಗೆ ಆಗ್ದಿದ್ರೆ ಹೇಳ್ರಿ, ಮಡಕಶಿರಾದಾಗೆ ಹತ್ ಜನ ಟೈಲರ್ ಅವ್ರೆ.'

'ಅವರೂ ಸಡಿಲ ಮಾಡಿ ಕೊಡ್ತಾರ. ನಾನೂ ಮಾಡಿ ಕೊಟ್ಟಿದ್ದೆ, ನಿಮ್ಮಕ್ಕಗ. ಮೂರು ಸಲ.'

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ರವಿಕೆ ಮಡಿಲಲ್ಲಿಟ್ಟುಕೊಂಡು, 'ಅದೇ ತಿರುಗಿ ಬಂದೈತೆ ಅಂದ್ಬುಟ್ರೆ ಏನ್ಮಾಡ್ಲಿ ಭಾವ? ಅದುಕ್ಕೇ ಹೇಳಿಲ್ಲ' ಅಂದಳು. ನಾನು ಚೀಟಿ ನೋಡಿ ನಂಬರ್ ಒತ್ತಿದೆ. ಅದಕ್ಕೆ ಉತ್ತರ ಕೊಡುವವಳು ಸಿಸ್ಟರ್ ಅಲ್ಲವೇ.

'ಕೈ ಬಿಸಿ ಐತೇನು? ಕೆಂಪಗೈತೇನು? ಜ್ವರ?' ಒಂದೊಂದಾಗಿ ಕೇಳಿದಳು ಯಶೋದಾ. ಇಲ್ಲ, ಇಲ್ಲ, ಇಲ್ಲ. 'ಹಂಗಾದ್ರ ನಾಳೆ ಮುಂಜಾನಿ ಬರ್ರಿ. ಜಯಕ್ಕಾ, ನೀವು ಮಾತು ಕೊಟ್ಟಿದ್ರಿ. ಎಷ್ಟು ದಿನ ಆತು ಬಿಗಿ ಆಗಿ?' ಜಯಮ್ಮ ಮೆಲ್ಲಗೆ, 'ಒಂದೂವರೆ ತಿಂಗ್ಳು' ಅಂದಳು. ಸಿಸ್ಟರ್ ಸಿಟ್ಟಿಗೇಳಲಿಲ್ಲ. 'ನಾಳೆ ಅಮಾಸಿ ಅಲ್ಲ, ನೋಡೀನಿ. ಬರ್ರಿ' ಅಂದಳು. ಅಳುತ್ತಿದ್ದ ನಿನ್ನ ತಂಗಿ ನಕ್ಕುಬಿಟ್ಟಳು.

ಡಾಕ್ಟರು ಕೈ ನೋಡಿ, ಸ್ಕ್ಯಾನು ಮಾಡಿಸಿ, ಎರಡು ದಿನ ಬಿಟ್ಟು ಹೇಳಿದರು. ಕಾಯಿಲೆ ತಿರುಗಿ ಬಂದಿಲ್ಲ. ಆಪರೇಷನ್ನಿನಲ್ಲಿ ಕಂಕುಳ ಗಂಟುಗಳನ್ನು ತೆಗೆದಿದ್ದರಿಂದ ಕೈಯಲ್ಲಿ ನೀರು ನಿಲ್ಲುತ್ತಿದೆ, ಹಲವರಿಗೆ ಹೀಗಾಗುತ್ತದೆ, ಬೇಗ ಬಂದದ್ದು ಒಳ್ಳೆಯದಾಯಿತು ಅಂದರು. ಆಮೇಲೆ ಸಿಸ್ಟರ್ ಪಟ್ಟಿ ಸುತ್ತುವುದು, ವ್ಯಾಯಾಮ, ಊತ ಏರದ ಹಾಗೆ ತೊಡುವ ಬಿಗಿ ತೋಳುಚೀಲ ಎಲ್ಲ ತೋರಿಸಿಕೊಟ್ಟಳು. ಕೈಯ ನಾಲ್ಕು ಕಡೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಸುತ್ತಳತೆ ಬರೆದಿಡಬೇಕು ಅಂದಳು. 'ಅದು ನನಗ ಬಿಡವ್ವಾ' ಅಂತ ಕೊರಳಿನ ಟೇಪು ತೆಗೆದೆ. ಐವತ್ತು ವರ್ಷದ ಕೈ! ಅಳೆದು ತೋರಿಸಿದರೆ ಅವಳು ನನ್ನ ಬೆರಳು ಹಿಡಿದುಕೊಂಡಳು. 'ಮಾಸ್ತರ್, ಇದು ಫಿಟ್ಟಿಂಗ್ ಅಲ್ಲ. ಟೇಪು ಎಳೀಬ್ಯಾಡ್ರಿ. ಚರ್ಮಕ್ಕ ತಾಗಿದ್ರ ಸಾಕು.' ಹೌದು ನೋಡು, ರವಿಕೆಯವನ ಕೈ, ತಾನಾಗಿ ಬಿಗಿಯುತ್ತದೆ. ಈ ವಯಸ್ಸಿನಲ್ಲಿ ಟೇಪು ಹಿಡಿಯುವುದನ್ನು ಮತ್ತೆ ಕಲಿತೆ.

ಹೋದ ವಾರ ಒಬ್ಬ ಹೆಂಗಸು ಓಬಳಾಪುರದಿಂದ ಬಂದು ಒಂದು ತೋಳು ಮಾತ್ರ ಸಡಿಲ ಮಾಡಿಕೊಡಿ ಅಂದಳು. ನಾನು ಕತ್ತರಿ ಕೆಳಗಿಟ್ಟು, ಯಾಕವ್ವಾ, ಎಷ್ಟು ದಿನದಿಂದ, ಕಂಕುಳಾಗ ಏನರ ಐತೇನು ಅಂತ ಶುರು ಮಾಡಿದೆ. ಅವಳು ಸೊಂಟಕ್ಕೆ ಕೈಯಿಟ್ಟು, 'ಅಯ್ಯ ಯಜಮಾನ್ರೇ, ಮೆಟ್ಟಲದಾಗ ಬಿದ್ದು ಕೈ ಮುರಕೊಂಡೀನಿ, ಪಟ್ಟಿ ಕಟ್ಯಾರ, ಕಾಣವಲ್ದೇನು? ತೋಳು ಬಿಚ್ಚಾಕ ಇಷ್ಟು ಪಂಚಾಯ್ತಿ ಯಾಕ?' ಅಂತ ಸೆರಗು ಸರಿಸಿ ತೋರಿಸಿದಳು. ಸೊಸೆ ಒಳಗೆ ನಗುತ್ತಿದ್ದಳು. ನಗಲಿ. ಇನ್ನು ಮುಂದೆ ನನ್ನ ಅಂಗಡಿಯಲ್ಲಿ ಕೇಳದೆ ಒಂದೇ ತೋಳಿನ ಹೊಲಿಗೆ ಬಿಚ್ಚುವುದಿಲ್ಲ. ನಿನಗೆ ಈ ಮಾತು ಕೊಡುತ್ತೇನೆ. ತಡವಾಯಿತು, ಗೊತ್ತು.

ಇವತ್ತು ಬೆಳಿಗ್ಗೆ ಜಯಮ್ಮ ಗುಡಿಬಂಡೆಯಿಂದ ಫೋನು ಮಾಡಿದ್ದಳು. ಈಗ ಅವಳೇ ಅಳೆದುಕೊಳ್ಳುತ್ತಾಳೆ, ಟೇಪು ಎಳೆಯದೆ. ಕೈ ಒಂದು ವರ್ಷದಿಂದ ಒಂದೇ ಅಳತೆಯಲ್ಲಿದೆ. ಹೋದ ತಿಂಗಳ ತಪಾಸಣೆಯೂ ಚೆನ್ನಾಗಿ ಬಂತು. ಹೊಸ ರವಿಕೆ ಬೇಕಂತೆ. ಎರಡೂ ತೋಳು ದೊಡ್ಡ ಅಳತೆಗೇ ಕತ್ತರಿಸಲೇ ಅಂತ ಕೇಳಿದೆ, ಮೊದಲಿನ ಹಾಗೆ ಮುಚ್ಚಿಡುವ ಮನಸ್ಸಿದ್ದರೆ ಅಂತ.

'ಯಾಕೆ ಭಾವ? ಯಾವ ಕೈಗೆ ಎಷ್ಟು ಬೇಕೋ ಅಷ್ಟೇ ಇಡ್ರಿ. ನೋಡೋರು ನೋಡ್ಕಳ್ಳಿ' ಅಂದಳು.

ಅಳತೆ ಪುಸ್ತಕದಲ್ಲಿ ನಿನ್ನ ಪುಟದ ಎದುರು ಪುಟವನ್ನು ಇಷ್ಟು ವರ್ಷ ಖಾಲಿ ಬಿಟ್ಟಿದ್ದೆ. ಅಲ್ಲಿ ಅವಳ ಹೆಸರು ಬರೆದೆ. ಬಲತೋಳು ಹತ್ತು ಮುಕ್ಕಾಲು, ಎಡತೋಳು ಹನ್ನೊಂದು. ಬಟ್ಟೆ ಕತ್ತರಿಸಿ ಆಯಿತು. ಹಸಿರು ಬಣ್ಣದ್ದೇ ಕೇಳಿದ್ದಾಳೆ.

ನಿನ್ನ ಮನೆಯವನು