ಡ್ಯೂಟಿ ದಿನದ ಮಾತ್ರೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಅಪ್ಪ ಯಾಕೆ ಫೋನಿಗೆ ಬರುತ್ತಿಲ್ಲ ಎಂದು ನೀನು ಕೇಳಿದ್ದೆ. ಅವರು ನನ್ನ ಜೊತೆಯೂ ಮಾತು ಬಿಟ್ಟಿದ್ದಾರೆ ಕಣೇ. ಫೋನಲ್ಲಿ ಹೇಳಿದರೆ ಅವರ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆಯಲು ಕೂತೆ.

ಎದೆನೋವೆಂದು ಆಂಜಿಯೋಗ್ರಾಮ್ ಮಾಡಿದರಲ್ಲ, ದೊಡ್ಡ ರಕ್ತನಾಳಗಳಲ್ಲಿ ಏನೂ ಅಡ್ಡಿಯಿಲ್ಲ ಎಂದಾಗ ನಿಮ್ಮಪ್ಪನನ್ನು ಹಿಡಿಯುವವರೇ ಇರಲಿಲ್ಲ. ರೋಡು ಕ್ಲಿಯರ್, ಇನ್ನು ನಿವೃತ್ತಿಯವರೆಗೂ ನಾನೇ ಡ್ರೈವರ್ ಎಂದು ಬಸ್ ಡಿಪೋದಲ್ಲೆಲ್ಲ ಡಂಗುರ ಸಾರಿದರು. ನಾನೂ ದೇವರಿಗೆ ದೀಪ ಹಚ್ಚಿದೆ. ನೋವು ಮಾತ್ರ ಹೋಗಲಿಲ್ಲ. ಮಹಡಿ ಮೆಟ್ಟಿಲಲ್ಲಿ ಅರ್ಧಕ್ಕೇ ಕೂತು, ಚಪ್ಪಲಿ ಸರಿಮಾಡುವವರ ಹಾಗೆ ನಟಿಸುತ್ತಿದ್ದರು.

ಮತ್ತೆ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಇನ್ನೇನೋ ಪರೀಕ್ಷೆ ಮಾಡಿಸಿ, ಬಸ್ಸಿನವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ದೊಡ್ಡ ರಸ್ತೆ ಚೆನ್ನಾಗಿದೆ, ಚಿತ್ರದಲ್ಲಿ ಕಾಣದ ಗಲ್ಲಿಗಳು ಹಾಳಾಗಿವೆಯಂತೆ. ಬಿಪಿಯ ಹೊಡೆತಕ್ಕೆ ಹೃದಯದೊಳಗಿನ ಕೂದಲಿನಂಥ ನಾಳಗಳ ಗೋಡೆ ದಪ್ಪವಾಗಿ, ಕೆಲವು ಇಲ್ಲದೇ ಹೋಗಿವೆ. ದಿನವೂ ಮಾತ್ರೆ ಬಿದ್ದರೆ ಉಳಿದವು ಒಂದಿಷ್ಟು ಸಡಿಲವಾಗಬಹುದು, ಹೋದದ್ದೆಲ್ಲ ಬರುವುದಿಲ್ಲ. ಆಮೇಲೆ ಹಳೇ ಚೀಟಿ ನೋಡಿ, ಪ್ರತಿ ತಪಾಸಣೆಯಲ್ಲೂ ಬಿಪಿ ಸರಿಯಿದೆಯಲ್ಲ, ಬಿಪಿ ಮಾತ್ರೆ ದಿನಾ ನುಂಗುತ್ತೀರಿ ತಾನೆ ಎಂದರು. ಬೇಕಾದರೆ ಇವಳನ್ನೇ ಕೇಳಿ, ದೇವರ ಮುಂದೆ ಕೂರುವ ಹೆಂಗಸು, ಸುಳ್ಳಾಡುವುದಿಲ್ಲ ಎಂದರು ನಿಮ್ಮಪ್ಪ, ನನ್ನತ್ತ ಕಣ್ಣು ಬಿಡುತ್ತಾ.

ನಾನು ಸುಳ್ಳಾಡಲಿಲ್ಲ. ಆ ಮಾತ್ರೆ ನುಂಗಿದರೆ ಮೂತ್ರಕ್ಕೆ ಅವಸರ; ತುಂಬಿದ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಇಳಿಯುವುದು ಹೇಗೆ? ಅದಕ್ಕೆ ಡ್ಯೂಟಿ ದಿನ ಮಾತ್ರೆ ಅಂಗಿಯ ಜೇಬಿಗೆ, ತಪಾಸಣೆ ಹತ್ತಿರ ಬಂದಾಗ ಮಾತ್ರ ಬಾಯಿಗೆ. ಆ ವಾರವಷ್ಟೇ ಅಂಗಿ ಒಗೆಯುವಾಗ ಜೇಬಿನ ಮೂಲೆಯಲ್ಲಿ ಸುಣ್ಣದ ಹಾಗೆ ಕರಗಿದ್ದು ಸಿಕ್ಕಿ, ಬೆನ್ನುಬಿದ್ದು ಕೇಳಿ ತಿಳಿದಿದ್ದೆ. ಎಲ್ಲ ಹೇಳಿಬಿಟ್ಟೆ.

ಬಸ್ಸು ಓಡಿಸಕೂಡದೆಂದು ಬರೆದುಕೊಟ್ಟರು. ಈಗ ಡಿಪೋದ ಕಿಟಕಿಯೊಳಗೆ ಕೂತು ಬೇರೆಯವರಿಗೆ ಬಸ್ಸಿನ ಕೀಲಿಕೈ ಕೊಡುವ ಕೆಲಸ. ನೀನು ನನ್ನ ಕೈ ಕಡಿಸಿದೆ ಎಂದರು ನಿಮ್ಮಪ್ಪ, ಅದೇ ಕೊನೆ ಮಾತು. ಬೆಳಿಗ್ಗೆ ಮಾತ್ರೆ ನೀರು ಕೊಡುತ್ತೇನೆ. ನುಂಗಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಬಾಯಿ ತೆರೆದು ತೋರಿಸುತ್ತಾರೆ. ತೋರಿಸಿ ಎಂದು ನಾನು ಕೇಳಿಲ್ಲ, ಮಗಳೇ.

ಅಳಿಯಂದಿರು ನಿಮ್ಮಪ್ಪನ ಕೈಯಲ್ಲೇ ಪಳಗಿದ ಡ್ರೈವರು. ಮಾತ್ರೆಯಿಂದ ಅವರ ಬಿಪಿ ಹತೋಟಿಯಲ್ಲಿದೆ, ಈ ಸಲವೂ ತಪಾಸಣೆಯಲ್ಲಿ ಪಾಸಾದರು ಎಂದು ಬರೆದಿದ್ದೆಯಲ್ಲ, ಅದೊಂದೇ ನನಗೆ ಸಮಾಧಾನ.

ನಿಮಗಾಗಿ ಕೈ ಮುಗಿಯುತ್ತಿರುವ,
ಅಮ್ಮ

ತಾ.ಕ.: ಅಂಚೆಗೆ ಹಾಕಲು ಹೊರಟರೆ ನಿಮ್ಮಪ್ಪ ಕಾಗದ ಕಿತ್ತುಕೊಂಡು ಓದಿದರು. ಹರಿದು ಹಾಕುತ್ತಾರೆ ಎಂದುಕೊಂಡೆ. ಕೊನೆಯ ಸಾಲಿಗೆ ಬಂದವರು ಬಾಗಿಲು ಹಿಡಿದು ನಿಂತರು. ಆಮೇಲೆ ಬಾಯಿಬಿಟ್ಟರು. ಅಳಿಯನ ಜೇಬನ್ನೂ ನೋಡು ಎಂದು ಅವಳಿಗೆ ಬರಿಯೇ, ಆ ಉಪಾಯ ಅವನಿಗೆ ಹೇಳಿಕೊಟ್ಟವನು ನಾನೇ ಎಂದರು.