ಒಂದು ಹನಿಯೂ ಸೋರದ ಪೈಪು

ಮಂಗಳವಾರ, ೧೪

ಬಾಯಲ್ಲಿ ಇನ್ನೂ ಡೀಸೆಲ್ಲಿನ ರುಚಿ. ಎಷ್ಟು ಮುಕ್ಕಳಿಸಿದರೂ ಹೋಗಲಿಲ್ಲ. ಭಾವನ ಮೇಲಿನ ಸಿಟ್ಟೂ ಹೋಗಿಲ್ಲ.

ಹೋದ ವಾರವೇ ಹೇಳಿದ್ದೆ, ಡೀಸೆಲ್ ಪೈಪು ಗಾಳಿ ಎಳೆಯುತ್ತಿದೆ, ಏರಿನಲ್ಲಿ ಲಾರಿ ಮುಗ್ಗರಿಸುತ್ತದೆ ಎಂದು. ಹೆಂಡತಿಯ ಅಣ್ಣ, ಮೇಲಾಗಿ ದೊಡ್ಡ ಮೆಕ್ಯಾನಿಕ್ಕು. ಗಾಡಿಯಡಿ ತೂರಿ ಹೊರಬಂದು, "ಒಂದು ಹನಿನೂ ಸೋರ್ತಿಲ್ಲ ಭಾವ, ನಿಮಗೆ ಅನುಮಾನದ ಕಾಯಿಲೆ" ಅಂದ. ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪು ಸೀಳಿದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನನಗೇ ಗೊತ್ತಿರುವುದು ಅವನಿಗೆ ಗೊತ್ತಿಲ್ಲವೇ?

ಇವತ್ತು ಏರಿನ ನಡುವೆ ಎಂಜಿನ್ ನಿಂತೇಹೋಯಿತು. ಬ್ರೇಕು ಹಿಡಿಯುವಷ್ಟರಲ್ಲಿ ಲಾರಿ ಹಿಂದಕ್ಕೆ ಜಾರಿತು. ಹಿಂದೆ ಶಾಲೆಯ ಬಸ್ಸು. ನಡುವೆ ಉಳಿದದ್ದು ಒಂದು ಗೇಣು. ಬಸ್ಸಿನ ಡ್ರೈವರ್ ಇಳಿದು ಬಂದು ನನ್ನ ಕೊರಳಪಟ್ಟಿ ಹಿಡಿದ. ಅವನ ಜಾಗದಲ್ಲಿ ನಾನಿದ್ದರೂ ಹಿಡಿಯುತ್ತಿದ್ದೆ.

ಚಕ್ರಕ್ಕೆ ಕಲ್ಲು ಕೊಟ್ಟು ಪೈಪು ಬಿಚ್ಚಿದೆ. ಸೀಳಿನ ಮೇಲೆ ಹೊಸ ಟೇಪು. ಅದು ಹಳೆಯದಾಗಿ ಕಾಣಲೆಂದು ಮೇಲೆ ಕರಿ ಗ್ರೀಸು ಬಳಿದಿದ್ದಾನೆ. ಹೊಸ ಪೈಪು ಹಾಕುವ ಕಾಲು ಗಂಟೆಯ ಕೆಲಸಕ್ಕೆ ಮೈಗಳ್ಳತನ ಮಾಡಿ ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ, ಕಳ್ಳ. ಸೀಳಿದ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ, ಒಳಗಿನ ಗಾಳಿ ಹೋಗಲೆಂದು ಬಾಯಿಟ್ಟು ಡೀಸೆಲ್ ಎಳೆದು ಹೇಗೋ ಮನೆ ಸೇರಿದೆ.

"ಅಣ್ಣನಿಗೆ ಏನೂ ಅನ್ಬೇಡಿ, ಭಾನುವಾರ ಊಟಕ್ಕೆ ಬರ್ತಾನೆ" ಅನ್ನುತ್ತಾಳೆ ಇವಳು.

ಏನೂ ಅನ್ನುವುದಿಲ್ಲ. ಆ ತುಂಡನ್ನು ಗ್ರೀಸಿನ ಸಮೇತ ಎತ್ತಿಟ್ಟಿದ್ದೇನೆ. ಅವನ ತಟ್ಟೆಗೆ ಮೊದಲು ಬಡಿಸುವುದು ಅದನ್ನೇ. ಆಮೇಲೆ, ಬಸ್ಸಿನ ಕಿಟಕಿಗಳಲ್ಲಿ ಎಷ್ಟು ಪುಟ್ಟ ಮುಖಗಳಿದ್ದವು ಅಂತ ಒಂದೊಂದಾಗಿ ಎಣಿಸಿ ಹೇಳುತ್ತೇನೆ.