ತಾಯತದಾಗಿನ ಬಳ್ಳಿ

ಮಾನ್ವಿ ಡಾಕ್ಟರ್ ಸಾಹೇಬ್ರಿಗೆ,

ನಾನು ದೇವದುರ್ಗದ ಹುಲಿಗೇಶ. ಹತ್ತಿ ಬಿಡಿಸುವಾಗ ಹಾವು ಕಡಿದು ಕಿಡ್ನಿ ನಿಂತ ಮಲ್ಲೇಶ್ವರಿ ತಮ್ಮ. ರಾಯಚೂರಾಗ ಡಯಾಲಿಸಿಸ್ ನಡದಿತ್ತು. ಸ್ಟೆಮ್ ಸೆಲ್ ಸೂಜಿ ಹಾಕಿದ್ರ ಕಿಡ್ನಿ ಹೊಸದಾಗಿ ಬೆಳೀತದ, ಅದನ್ನ ಹೊಕ್ಕಳಬಳ್ಳಿಯಿಂದ ತೆಗೀತಾರ ಅಂದ್ರಿ ನೀವು. ನಮ್ಮವ್ವ ಅಕ್ಕನ ತಾಯತ ಒಡದು, ಹುಟ್ಟಿದಾಗ ಬಿದ್ದ ಒಣ ಬಳ್ಳಿ ನಿಮ್ಮ ಕೈಯಾಗ ಕೊಟ್ಟಳು. ನಕ್ಕೋತ ಇಸ್ಕೊಂಡ್ರಿ. "ಇದರಾಗಿಂದನ ಔಷಧ ಮಾಡ್ತೀನಿ ಯವ್ವಾ, ಇನ್ನ ಡಯಾಲಿಸಿಸ್ ಬ್ಯಾಡ" ಅಂದ್ರಿ.

ನಿಮ್ಮ ಮಾತು ನಂಬಿ ಡಯಾಲಿಸಿಸ್ ಬಿಡಿಸಿದ್ವಿ. ಐದು ದಿನಕ್ಕ ಅಕ್ಕನ ಮೈಯೆಲ್ಲ ಬಾತು ಉಸಿರು ಕಟ್ಟಿತು. ಈಗ ತಿರುಗಿ ರಾಯಚೂರಾಗ ಮಷಿನ್ ಮ್ಯಾಲ ಅದಾಳ. "ಆ ಔಷಧ ಇನ್ನಾ ಪರೀಕ್ಷಾದಾಗ ಅದಪ್ಪಾ, ಒಣಗಿದ್ದರಾಗ ಜೀವಕೋಶ ಎಲ್ಲಿರ್ತದ? ಡಯಾಲಿಸಿಸ್ ಬಿಡದಿದ್ರ ಕಿಡ್ನಿ ತಾನ ಸುಧಾರಿಸ್ತಿತ್ತೇನೋ" ಅಂದ್ರು ಇಲ್ಲಿ ಡಾಕ್ಟರಮ್ಮ. ನಾನು ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಂವ, ನನಗ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು.

ಅವ್ವ ನಿಮ್ಮನ್ನ ಬೈಯಾಕ ಒಲ್ಲಳು. ಬಳ್ಳಿ ಸರಿಯಾಗಿ ಕಾಯಲಿಲ್ಲ, ತಪ್ಪು ನಂದ ಅಂತ ಅಳಾಕತ್ತಾಳ. ಅದನ್ನ ನೋಡಾಕ ಆಗವಲ್ದು.

ಸೋಮವಾರ ಮೊದಲ ಬಸ್ಸಿಗೆ ಬರ್ತೀನಿ. ಬಳ್ಳಿ ತಗದಿಡ್ರಿ. ಅಕ್ಕ ಉಳದ್ರ ಅಕಿ ಕೊರಳಿಗೆ ಕಟ್ತೀವಿ. ಇಲ್ಲಂದ್ರ ಅಕಿ ಜೋಡಿ ಮಣ್ಣಾಗ ಇಡ್ತೀವಿ.

ನಮಸ್ಕಾರ ಬರೆಯಾಕ ಮನಸಿಲ್ಲ.
ಹುಲಿಗೇಶ